ಕಂತಿನಲ್ಲಿ ಕ್ಯಾಮೆರಾ ತಗೊಳ್ಳೋದಾ, ಬೇಡವಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆತ ಮದುವೆ ಫೋಟೋಗ್ರಾಫರ್. ಹೆಂಡತಿ ಜೊತೆ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು. ಕೈಯಲ್ಲಿರುವುದು ಕ್ಯಾನನ್ 1500ಡಿ, ಅದರ ಜೊತೆಗೇ ಬಂದ 18-55 ಲೆನ್ಸ್. ಆಸೆಪಟ್ಟಿದ್ದು 1.8 ಲಕ್ಷದ ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ, ಕಂತಿನ ಮೇಲೆ. "ಮಧ್ಯರಾತ್ರಿ ದಾಟಿದ್ರೂ ಕ್ಯಾಮೆರಾ ವಿಡಿಯೋನೇ ನೋಡ್ತಿರ್ತಾರೆ ಮೇಡಂ, ಕೇಳಿದ್ರೆ ರೇಗ್ತಾರೆ" ಎಂದರು ಆಕೆ. ಮುಂಗಡಕ್ಕಾಗಿ ತಮ್ಮ ಸರ ಅಡ ಇಡಲೂ ಒಪ್ಪಿದ್ದರು.

ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರು ಎಲ್ಲರೆದುರು "ಇಷ್ಟೇನಾ ನಿಮ್ಮ ಕ್ಯಾಮೆರಾ?" ಅಂದಿದ್ದರಂತೆ. ಅದೇ ಮದುವೆಯ ಧಾರೆ ಫೋಟೋಗಳು ಮಸುಕಾಗಿದ್ದವು. ಅವಮಾನ ಬೇರೆ, ಕೆಲಸದ ತೊಂದರೆ ಬೇರೆ ಅಲ್ವಾ? ಇವರ ಮನಸ್ಸಿನಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವು.

ಆ ಫೋಟೋಗಳನ್ನು ತೆಗೆಸಿ ನೋಡಿದೆ. ಧಾರೆ ನೀರು ಬೀಳುವ ಗಳಿಗೆ, ಕೈಗಳೆಲ್ಲ ಅಲುಗಿದ ಹಾಗಿವೆ. ಸೆಟ್ಟಿಂಗ್ ಏನಿತ್ತು ಎಂದೆ. ಅಪರ್ಚರ್, ಅಂದರೆ ಲೆನ್ಸ್ ತೆರೆಯುವ ಅಳತೆ, 5.6 (ಅಂಕಿ ಚಿಕ್ಕದಾದಷ್ಟೂ ಹೆಚ್ಚು ಬೆಳಕು). ಶಟರ್, ಅಂದರೆ ಬೆಳಕು ಒಳಬರುವ ಸಮಯ, 1/40 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಕೈ ಅಲುಗಿದರೆ ಫೋಟೋ ಮಸುಕಾಗುತ್ತದೆ. ಮಂಟಪದಲ್ಲಿ ಬೆಳಕು ಕಡಿಮೆ. 55ಕ್ಕೆ ಝೂಮ್ ಮಾಡಿದರೆ ಆ ಲೆನ್ಸ್ ಅದಕ್ಕಿಂತ ಜಾಸ್ತಿ ತೆರೆಯುವುದಿಲ್ಲ. 50 ಎಂಎಂ 1.8 ಲೆನ್ಸ್ ಹಾಕಿದ್ದರೆ? "ಹತ್ತಿರತ್ತಿರ ಹತ್ತು ಪಟ್ಟು ಬೆಳಕು ಬರ್ತಿತ್ತು, 1/400ರಲ್ಲೂ ತೆಗೀಬಹುದಿತ್ತು" ಎಂದು ಅವರೇ ಲೆಕ್ಕ ಹೇಳಿದರು. ಹೇಳುತ್ತಾ ಹೇಳುತ್ತಾ ದನಿ ಹಗುರಾಯಿತು.

ಆಷಾಢದಲ್ಲಿ, ಧನುರ್ಮಾಸದಲ್ಲಿ ಎಷ್ಟು ಆರ್ಡರ್ ಇರುತ್ತವೆ ಎಂದೆ. ಇರೋದೇ ಇಲ್ಲ ಎಂದರು. ಕಂತು ಮಾತ್ರ ಆ ತಿಂಗಳೂ ಬರುತ್ತದೆ.

ನಾನು ಹೇಳಿದ್ದು ಇಷ್ಟು. ಸರ ಅಡ ಇಡುವುದು ಬೇಡವೇ ಬೇಡ. ಈಗ ಸೆಕೆಂಡ್ ಹ್ಯಾಂಡ್ 50 ಎಂಎಂ ಲೆನ್ಸ್ ತಗೊಳ್ಳಿ. ಮುಂದೆ ಕ್ಯಾನನ್ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗೆ) ಹೋದರೂ ಅಡಾಪ್ಟರ್ ಹಾಕಿ ಬಳಸಬಹುದು, ಆ ದುಡ್ಡು ಸುಮ್ನೆ ಹೋಗಲ್ಲ. ದೊಡ್ಡ ಆರ್ಡರ್ ಬಂದರೆ ಆ ದಿನಕ್ಕೆ ಕ್ಯಾಮೆರಾ ಬಾಡಿಗೆಗೆ ತನ್ನಿ, ಬಾಡಿಗೆಯನ್ನು ರೇಟಿನಲ್ಲೇ ಸೇರಿಸಿ.

ಹೊಸ ಕ್ಯಾಮೆರಾ ಬೇಕೇ ಬೇಡ ಅಂತಲ್ಲ. 1500ಡಿಯಲ್ಲಿ ಒಂದೇ ಮೆಮೊರಿ ಕಾರ್ಡ್ ಹಾಕಬಹುದು. ಅದು ಕೈಕೊಟ್ಟರೆ ಇನ್ನೊಬ್ಬರ ಮದುವೆಯನ್ನು ಮತ್ತೆ ಮಾಡಿಸೋಕಾಗಲ್ಲ. ನನ್ನ ಪ್ರಕಾರ ಎರಡು ಕಾರ್ಡಿನ (ಒಂದೇ ಫೋಟೋವನ್ನು ಎರಡರಲ್ಲೂ ಉಳಿಸಬಲ್ಲ) ಕ್ಯಾಮೆರಾಗೆ ದುಡ್ಡು ಕೂಡಿಡಲು ಇದೇ ಸರಿಯಾದ ಕಾರಣ. ಪ್ರತಿ ಆರ್ಡರಿನಿಂದ ಇಷ್ಟು ಅಂತ ಹೆಂಡತಿಯ ಖಾತೆಗೆ ಹಾಕಿ. ಅಲ್ಲಿಯವರೆಗೆ ಧಾರೆ ಮುಗಿದ ಕೂಡಲೇ ಕಾರ್ಡ್ ಬದಲಿಸಿ, ತುಂಬಿದ ಕಾರ್ಡನ್ನು ಜೇಬಿನಲ್ಲಿ ಭದ್ರವಾಗಿಡಿ.

ಆ ಮಾತಿನ ನೋವಿಗೆ ಲೆನ್ಸ್ ಮದ್ದಲ್ಲ. ಅದನ್ನು ಮಾತಾಡಲು ಇನ್ನೊಮ್ಮೆ, ಈ ಸಲ ಒಬ್ಬರೇ ಬರಲು ಹೇಳಿದ್ದೇನೆ.