ಹೊದಿಕೆ ಕಿತ್ತರೂ ಹ್ಯಾಂಗರ್ ಹಳೆಯದೇ
ಕ್ಯಾಲಿಫೋರ್ನಿಯಾದ ಮಾಫೆಟ್ ಫೀಲ್ಡ್ ಎಂಬ ವಿಮಾನ ನೆಲೆಯಲ್ಲಿರುವ ಹ್ಯಾಂಗರ್ ಒನ್, ಅಂದರೆ ವಾಯುನೌಕೆ ನಿಲ್ಲಿಸಲು ಕಟ್ಟಿದ ದೈತ್ಯ ಶೆಡ್ಡಿನ ಬಗ್ಗೆ ಕೇಳಿದ್ದೀರಿ: ಹೊರಗಿನ ಹೊದಿಕೆ ಪೂರ್ತಿ ಬದಲಿಸಿದ ಮೇಲೂ ಅದು ಪಾರಂಪರಿಕ ಕಟ್ಟಡವಾ ಅಂತ. ನನ್ನ ಪ್ರಕಾರ ಹೌದು. ಬಸವನಗುಡಿಯ ಹಳೆ ಮನೆಗೆ ಹೊಸ ಹೆಂಚು ಹೊದಿಸಿದರೆ ಮನೆ ಹೊಸದಾಗುತ್ತದಾ? ಇಲ್ಲ ಅಲ್ವಾ.

ಹ್ಯಾಂಗರ್‌ನ ಜೀವ ಇರುವುದು ಉಕ್ಕಿನ ಹಂದರದಲ್ಲಿ. 1933ರಲ್ಲಿ ಅಮೆರಿಕದ ನೌಕಾಪಡೆಯ ಮೇಕನ್ ಎಂಬ ವಾಯುನೌಕೆಗಾಗಿ (ಹಗುರ ಅನಿಲ ತುಂಬಿಸಿ ಹಾರಿಸುವ ದೈತ್ಯ ನೌಕೆ) ಕಟ್ಟಿದ್ದು. ಉದ್ದ 1,133 ಅಡಿ, ಅಗಲ 308, ಎತ್ತರ 198. ಒಳಗೆ ಒಂದೇ ಒಂದು ಕಂಬವಿಲ್ಲ! ಬಾಗಿಲುಗಳಂತೂ ಕಿತ್ತಳೆ ಸಿಪ್ಪೆಯ ಹಾಗೆ ದುಂಡಗೆ ಬಾಗಿವೆ. ಸುಮ್ನೆ ಚೆಂದಕ್ಕಲ್ಲ. ಚಪ್ಪಟೆ ಬಾಗಿಲಿದ್ದರೆ ಗಾಳಿ ಸುಳಿ ಎದ್ದು, ನೌಕೆಯನ್ನು ಎಳೆದು ತರುವಾಗ ಅಲುಗಾಡಿಸುತ್ತಿತ್ತು. ಪಾಪ, ಮೇಕನ್ 1935ರಲ್ಲೇ ಸಮುದ್ರಕ್ಕೆ ಬಿತ್ತು.

ಹೊದಿಕೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ಅದರಲ್ಲಿ ಪಿಸಿಬಿ ಎಂಬ ವಿಷ, ಆಸ್ಬೆಸ್ಟಾಸ್, ಸೀಸ ಎಲ್ಲ ಇದ್ದವು. ಕಟ್ಟಡವನ್ನೇ ಕೆಡವೋಣ ಎಂಬ ಮಾತೂ ಬಂದಿತ್ತು, ಸ್ಥಳೀಯರು ಬಿಡಲಿಲ್ಲ. 2011ರಿಂದ ಹೊದಿಕೆ ಬಿಚ್ಚಿದರು. ಬಹಳ ವರ್ಷ ಬರೀ ಅಸ್ಥಿಪಂಜರ ನಿಂತಿತ್ತು. 2014ರಲ್ಲಿ ಗೂಗಲ್‌ನ ಅಂಗಸಂಸ್ಥೆ 60 ವರ್ಷದ ಗುತ್ತಿಗೆಗೆ ತೆಗೆದುಕೊಂಡು, ಆಮೇಲೆ ಹಂದರದ ರಿಪೇರಿಗೆ ಕೈ ಹಾಕಿತು.

ನಿಮ್ಮ ಕಾಲೇಜು ಪ್ರಾಜೆಕ್ಟ್‌ಗೆ ಮಾಡೆಲ್ ಮಾಡುವುದಾದರೆ ಮೊದಲು ಬಾಗಿಲು ಮಾಡಿ. ಕಷ್ಟ ಇರುವುದು ಅಲ್ಲೇ.