ಕ್ಯಾರಿಕೇಚರ್ ಬಿಡಿಸೋಕೆ ಯಾವ ಮಾರ್ಕರ್ ಒಳ್ಳೆಯದು? ಬಣ್ಣ ಹಚ್ಚಿದ ಕೂಡಲೇ ಕಪ್ಪು ಗೆರೆ ಕದಡಿ ಹೋಗುತ್ತಿದೆ

ಬೇರೆ ಬ್ರಾಂಡ್ ಕೊಳ್ಳುವ ಮುಂಚೆ ಈಗ ಕೈಲಿರುವ ಎರಡು ಮಾರ್ಕರುಗಳ ಮೈಮೇಲೆ ಏನು ಬರೆದಿದೆ ನೋಡಿ. ಗೆರೆಯದ್ದೂ ಬಣ್ಣದ್ದೂ ಎರಡೂ ಆಲ್ಕೋಹಾಲ್ ಇಂಕ್ ಆಗಿದ್ದರೆ, ಎಷ್ಟು ದುಬಾರಿಯದ್ದು ತಂದರೂ ಇದೇ ಗತಿ. ಶಾರ್ಪಿಯಂಥ ಪರ್ಮನೆಂಟ್ ಮಾರ್ಕರಿನ ಕಪ್ಪು ನೀರಿಗೆ ಜಗ್ಗುವುದಿಲ್ಲ, ಆಲ್ಕೋಹಾಲಿಗೆ ಮಾತ್ರ ತಕ್ಷಣ ಕರಗುತ್ತದೆ. ‘ಪರ್ಮನೆಂಟ್’ ಅನ್ನುವ ಪದ ನಂಬಿ ಎಲ್ಲರೂ ಮೋಸ ಹೋಗುವುದು ಇಲ್ಲೇ.

ಹಾಗಾಗಿ ಗೆರೆಗೆ ಒಂದು ಜಾತಿ, ಬಣ್ಣಕ್ಕೆ ಇನ್ನೊಂದು ಜಾತಿ. ಬಣ್ಣಕ್ಕೆ ಕಾಪಿಕ್ ಥರದ ಆಲ್ಕೋಹಾಲ್ ಮಾರ್ಕರ್ ಇದ್ದರೆ, ಗೆರೆಗೆ ಪಿಗ್ಮೆಂಟ್ ಇಂಕ್ (ಕರಗದ ಬಣ್ಣದ ಕಣಗಳಿರುವ ಇಂಕ್) ಇರುವ ಪಿಗ್ಮಾ ಮೈಕ್ರಾನ್ ಅಥವಾ ಪೆಂಟೆಲ್ ಪಾಕೆಟ್ ಬ್ರಷ್ ಪೆನ್ ಬಳಸಿ. ಬ್ರಷ್ ಪೆನ್ನಿನಲ್ಲಿ ದಪ್ಪಗೆ ತುಂಬಿದ ಕಪ್ಪು ಒಣಗಲು ಸಮಯ ಬೇಕು, ಅವಸರ ಮಾಡಿದರೆ ಅದೂ ಕದಡುತ್ತದೆ. ದಪ್ಪ ಪರ್ಮನೆಂಟ್ ಮಾರ್ಕರೇ ಕೈಗೆ ಒಗ್ಗಿದೆ ಅಂದರೆ ಕೆಲಸದ ಕ್ರಮ ತಿರುಗಿಸಿ: ತೆಳು ಪೆನ್ಸಿಲ್ ಗುರುತು, ಮೇಲೆ ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಕಪ್ಪು ಗೆರೆ. ಗೆರೆಯ ಜೆರಾಕ್ಸ್ ಪ್ರತಿ ತೆಗೆದು ಅದರ ಮೇಲೆ ಬಣ್ಣ ಹಚ್ಚುವ ದಾರಿಯೂ ಇದೆ. 1987ರಲ್ಲಿ ಬಂದ ಕಾಪಿಕ್‌ನ ಹೆಸರಿನಲ್ಲೇ ‘ಕಾಪಿ’ ಇದೆ; ಜೆರಾಕ್ಸ್ ಟೋನರನ್ನು, ಅಂದರೆ ಪ್ರತಿಯ ಮೇಲಿನ ಕಪ್ಪು ಪುಡಿಯನ್ನು, ಕರಗಿಸದ ಇಂಕ್ ಬೇಕು ಅಂತಲೇ ಅದನ್ನು ಮಾಡಿದ್ದು.

ಇನ್ನು ತುದಿ. ನನ್ನ ಪ್ರಕಾರ ಇದು ಬ್ರಾಂಡಿಗಿಂತ ಮುಖ್ಯ. ಕ್ಯಾರಿಕೇಚರಿಗೆ ಜೀವ ಬರುವುದು ಒಂದೇ ಗೆರೆಯೊಳಗಿನ ದಪ್ಪ-ತೆಳುವಿನಿಂದ. ಮೈಕ್ರಾನ್ 05ರ ತುದಿ 0.45 ಮಿಲಿಮೀಟರ್, ಹೇಗೆ ಹಿಡಿದರೂ ಹೆಚ್ಚುಕಡಿಮೆ ಅಷ್ಟೇ ಗೆರೆ. ರೆಪ್ಪೆ, ಹಲ್ಲಿನ ಸಂದು, ಕಣ್ಣಿನ ಸುತ್ತಲ ಸುಕ್ಕಿಗೆ ಅದು ಸರಿ. ಇಡೀ ಮುಖ ಅದರಲ್ಲೇ ಬಿಡಿಸಿದರೆ ತಂತಿ ಬಗ್ಗಿಸಿ ಮಾಡಿದ ಗೊಂಬೆಯ ಹಾಗೆ ಕಾಣುತ್ತದೆ. ಎ3 ಹಾಳೆಯಲ್ಲಿ ವೇಗವಾಗಿ ಬಿಡಿಸುವುದಾದರೆ 4-5 ಮಿಲಿಮೀಟರಿನ ಉಳಿ ತುದಿಯದ್ದು, ಅಂದರೆ ಚಿಸೆಲ್ ಟಿಪ್, ತಗೊಳ್ಳಿ. ಬ್ರಷ್ ತುದಿ ಇನ್ನೂ ಚೆಂದದ ಗೆರೆ ಕೊಡುತ್ತದೆ, ಆದರೆ ಕೈ ಪಳಗುವವರೆಗೆ ಸ್ವಲ್ಪ ಒತ್ತಡ ಹೆಚ್ಚಾದರೂ ಗೆರೆ ಉಬ್ಬಿಬಿಡುತ್ತದೆ.

ಉಳಿ ತುದಿ ಬಳಸುವ ರೀತಿಗೆ ದವಡೆಯ ಗೆರೆ ತಗೊಳ್ಳಿ. ಕಿವಿಯ ಬುಡದಲ್ಲಿ ತುದಿಯ ಚೂಪು ಮೂಲೆ ಮಾತ್ರ ಹಾಳೆಗೆ ತಾಗಲಿ. ಕೆಳಗಿಳಿಯುತ್ತಾ ಹೆಬ್ಬೆರಳು-ತೋರುಬೆರಳಿನ ನಡುವೆ ಪೆನ್ನನ್ನು ಕಾಲು ಸುತ್ತು ಉರುಳಿಸಿ. ದವಡೆ ಮೂಲೆಗೆ ಬರುವಾಗ ಅಗಲ ಅಂಚು ಕೂತಿರಬೇಕು. ಗದ್ದದ ಹತ್ತಿರ ಮತ್ತೆ ಹಿಂದಕ್ಕೆ ಉರುಳಿಸಿ ತೆಳುವಾಗಿ ಬಿಡಿ. ಮಣಿಕಟ್ಟು ಆಡಿಸಬೇಡಿ, ಭುಜದಿಂದ ಎಳೆಯಿರಿ. ಪೆನ್ನು ಹಾಳೆ ಮುಟ್ಟುವ ಮೊದಲೇ ಕೈ ಚಲಿಸುತ್ತಿರಲಿ. ಮುಟ್ಟಿಸಿ ಆಮೇಲೆ ಎಳೆದರೆ ಶುರುವಿನಲ್ಲೇ ಇಂಕ್ ನಿಂತು ಬೊಟ್ಟಿಟ್ಟ ಹಾಗಾಗುತ್ತದೆ. ಮೂಗಿನ ಕೆಳಗೆ, ಗದ್ದದ ಕೆಳಗೆ, ನೆರಳಿನ ಕಡೆ ದಪ್ಪ. ಬೆಳಕಿನ ಕಡೆ ತೆಳು.

ಅಂಗಡಿಗೆ ಹೋಗುವಾಗ ನೀವು ಬಿಡಿಸುವ ಹಾಳೆಯನ್ನೇ ಒಯ್ಯಿರಿ. ಅಲ್ಲಿಟ್ಟ ಚೀಟಿಯ ಮೇಲೆ ಗೀಚಿ ನೋಡಿದರೆ ಏನೂ ತಿಳಿಯದು. ತುದಿಯನ್ನು ಒಂದೇ ಕಡೆ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಚುಕ್ಕೆ ಹಿಗ್ಗಿ ಅಂಚಿನಲ್ಲಿ ಬೇರು ಬಿಟ್ಟರೆ ಆ ಇಂಕಿಗೂ ಆ ಹಾಳೆಗೂ ಆಗಿಬರುವುದಿಲ್ಲ. ಆಮೇಲೆ ಒಂದು ಗೇಣು ಗೆರೆಯನ್ನು ಸರ್ರನೆ ಎಳೆಯಿರಿ. ನಡುವೆ ಬಿಳಿ ಕಾಣಿಸಿದರೆ ಇಂಕ್ ನಿಮ್ಮ ವೇಗಕ್ಕೆ ಇಳಿಯುತ್ತಿಲ್ಲ. ಕೊನೆಗೆ ಎರಡು ನಿಮಿಷ ಬಿಟ್ಟು ಗೆರೆಯ ಮೇಲೆ ನಿಮ್ಮ ತಿಳಿಬಣ್ಣದ ಮಾರ್ಕರ್ ಹಾಯಿಸಿ, ಅದರ ತುದಿ ನೋಡಿ. ಕಪ್ಪಾಗಿದ್ದರೆ ಆ ಜೋಡಿ ಬೇಡ. (ಕಪ್ಪಾದ ತುದಿಯನ್ನು ರದ್ದಿ ಕಾಗದದ ಮೇಲೆ ಉಜ್ಜುತ್ತಾ ಹೋದರೆ ಶುದ್ಧವಾಗುತ್ತದೆ.)

ಹಾಳೆ ಅಂದರೆ ಬ್ರಿಸ್ಟಲ್ ಅನ್ನುವ ನುಣುಪಾದ ದಪ್ಪ ಹಾಳೆ ಅಥವಾ ಹಿಂಬದಿಗೆ ಲೇಪ ಇರುವ ಮಾರ್ಕರ್ ಪೇಪರ್. ಮಾಮೂಲಿ ಜೆರಾಕ್ಸ್ ಹಾಳೆಯಲ್ಲಿ ಆಲ್ಕೋಹಾಲ್ ಇಂಕ್ ಹಿಂದಕ್ಕೆ ಇಳಿದು ಕೆಳಗಿನ ಹಾಳೆಯನ್ನೂ ಕೆಡಿಸುತ್ತದೆ. ಜಲವರ್ಣದ ತರಿತರಿ ಹಾಳೆ ಅಂತೂ ತುದಿಯನ್ನು ಅರದ ಹಾಗೆ ತೇಯುತ್ತದೆ.

ಚರ್ಮಕ್ಕೆ ಇಪ್ಪತ್ತು ಬಣ್ಣದ ಸೆಟ್ ಬೇಡ, ಒಂದೊಂದು ಮೈಬಣ್ಣಕ್ಕೆ ಮೂರು ಸಾಕು. ಕಾಪಿಕ್ ಸಂಖ್ಯೆಯಲ್ಲಿ ಅಕ್ಷರ ಬಣ್ಣದ ಕುಲ; ಇ (E) ಅಂದರೆ ಮಣ್ಣಿನ ಬಣ್ಣಗಳು. ಮೊದಲ ಅಂಕಿ ಏರಿದಂತೆ ಬಣ್ಣ ಮಂಕಾಗುತ್ತದೆ, ಕೊನೆಯ ಅಂಕಿ ಏರಿದಂತೆ ಗಾಢವಾಗುತ್ತದೆ. ಮೊದಲ ಅಂಕಿ ಒಂದೇ ಇದ್ದು ಕೊನೆಯದರಲ್ಲಿ ಎರಡರ ಅಂತರ ಇರುವವು ಸಲೀಸಾಗಿ ಬೆರೆಯುತ್ತವೆ: ತಿಳಿ ಮೈಬಣ್ಣಕ್ಕೆ ಇ11, ಇ13, ಇ15, ಸ್ವಲ್ಪ ಗಾಢವಾದದ್ದಕ್ಕೆ ಇ33, ಇ35, ಇ37. ತಿಳಿಯದ್ದನ್ನು ಮೊದಲು ಹಚ್ಚಿ. ಅದು ಹಸಿ ಇರುವಾಗಲೇ ಎರಡನೆಯದು ಬಿದ್ದರೆ ಅಂಚು ಕರಗುತ್ತದೆ, ಕೆನ್ನೆಗೆ ಅದೇ ಬೇಕು. ಮೂಗಿನ ಪಕ್ಕದ ನೆರಳಿಗೆ ಒಣಗಲು ಬಿಡಿ, ಆಗ ಅಂಚು ಗಟ್ಟಿ ನಿಲ್ಲುತ್ತದೆ. ಕಪ್ಪು ಗೆರೆಗಿಂತ ಒಂದು ಮಿಲಿಮೀಟರ್ ಈಚೆಗೇ ನಿಲ್ಲಿಸಿ, ಉಳಿದದ್ದನ್ನು ಇಂಕ್ ತಾನೇ ತುಂಬಿಕೊಳ್ಳುತ್ತದೆ. ತಪ್ಪಿದರೆ ಬ್ಲೆಂಡರ್‌ನಿಂದ (ಬಣ್ಣವಿಲ್ಲದ ಮಾರ್ಕರ್) ಅಳಿಸಬಹುದು ಅಂದುಕೊಳ್ಳಬೇಡಿ; ಅದು ಬಣ್ಣವನ್ನು ಪಕ್ಕಕ್ಕೆ ತಳ್ಳುತ್ತದೆ, ಅಷ್ಟೇ.

ಆಲ್ಕೋಹಾಲ್ ಮಾರ್ಕರುಗಳ ಬಣ್ಣ ಬಿಸಿಲಿಗೆ ಮಾಸುತ್ತದೆ. ಫ್ರೇಮ್ ಹಾಕಿಸಿ ಕೊಡುವ ಚಿತ್ರವಾದರೆ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಎರಡೂ ಕಡೆ ತುದಿ ಇರುವ ಮಾರ್ಕರನ್ನು ಮಲಗಿಸಿಯೇ ಇಡಬೇಕು. ನಿಲ್ಲಿಸಿಟ್ಟರೆ ಮೇಲಿನ ತುದಿ ಒಣಗಿ ಕೆಳಗಿನದು ತೊಟ್ಟಿಕ್ಕುತ್ತದೆ. ಒಂದೇ ತುದಿಯದ್ದಾದರೆ ಮುಚ್ಚಳ ಕೆಳಗಾಗಿ ನಿಲ್ಲಿಸಿ. ಒಣಗಿದ ಆಲ್ಕೋಹಾಲ್ ಮಾರ್ಕರಿನ ತುದಿಗೆ ಎರಡು-ಮೂರು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದರೆ ಸ್ವಲ್ಪ ದಿನ ಓಡುತ್ತದೆ, ಬಣ್ಣ ಮಾತ್ರ ಪೇಲವ. ಅರ್ಧ ಒಣಗಿದ ಕಪ್ಪು ಮಾರ್ಕರಿಗೆ ಹಾಗೆ ಮಾಡಲೂ ಹೋಗಬೇಡಿ, ಎಸೆಯಲೂ ಬೇಡಿ. ಅಗಲ ಅಂಚನ್ನು ಹಗುರಾಗಿ, ವೇಗವಾಗಿ ಎಳೆದರೆ ಗೆರೆ ಬಿರಿದು ಎಳೆ ಎಳೆಯಾಗಿ ಬೀಳುತ್ತದೆ. ನರೆಗೂದಲು, ಕುರುಚಲು ಗಡ್ಡ, ಪೊದೆ ಹುಬ್ಬಿಗೆ ಹೊಸ ಮಾರ್ಕರಿನಿಂದ ಆ ಗೆರೆ ಬರಲ್ಲ.