ಮಳೆ ಬಂದ್ರೆ ಕೆಸಿಕ್‌ನಲ್ಲಿ ಏನ್ ಮಾಡೋದು? ಓದುಗರು ಕೇಳಿದ್ದು, ನಾವು ಹೇಳಿದ್ದು

ಹೋದ ತಿಂಗಳು ಇಂಗ್ಲೆಂಡ್‌ನ ಕೆರೆ-ಗುಡ್ಡಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್ ಬಗ್ಗೆ ಬರೆದಾಗ ಕೆಸಿಕ್ ಅನ್ನುವ ಸಂತೆಪೇಟೆಯ ಹೆಸರು ಬಂದಿತ್ತು. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು ಕೇಳಿವೆ: ಮಳೆ ಬಂದ್ರೆ? ನಾನು ಅಲ್ಲಿಂದ ಒಂದೂವರೆ ಗಂಟೆ ದೂರದಲ್ಲಿ ಇರುವವಳು. ವರ್ಷಕ್ಕೆ ಮೂರ್ನಾಲ್ಕು ಸಲ ಹೋಗುತ್ತೇನೆ, ಪೂರ್ತಿ ಒಣಗಿದ ಬಟ್ಟೆಯಲ್ಲಿ ವಾಪಸ್ ಬಂದಿದ್ದು ಎರಡೇ ಸಲ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಮಳೆಗೇ ಇರಲಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ನಡುವೆ ಒಂದು ಡಬ್ಲ್ಯೂ ಬರುತ್ತೆ, ಹೇಳುವಾಗ ಇಲ್ಲ. ಬಸ್ಸಲ್ಲಿ ಕೆಸಿಕ್ ಅಂತಲೇ ಟಿಕೆಟ್ ಕೇಳಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮಗ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಆಗಸ್ಟ್‌ನಲ್ಲಿ ನಮ್ಮಿಬ್ಬರಿಗೂ ಕೆಸಿಕ್‌ನಲ್ಲಿ ಮೂರು ದಿನಕ್ಕೆ ರೂಮ್ ಮಾಡಿದ್ದಾನೆ. ಅಲ್ಲಿ ಬರೀ ಮಳೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ನಮ್ಮ ಮನೆಯವರಿಗೆ ಮಂಡಿನೋವು ಬೇರೆ. ಕ್ಯಾನ್ಸಲ್ ಮಾಡಿಸಲಾ? (ಶಿವಮೊಗ್ಗ)

ಖಂಡಿತ ಬೇಡ ಸರ್. ಮೊದಲ ಸಲ ಹೋದಾಗ ನಾವು ಮಾಡಿದ ತಪ್ಪು ಅಂದರೆ, ಮಳೆ ನಿಲ್ಲಲಿ ಆಮೇಲೆ ಹೊರಡೋಣ ಅಂತ ಕಿಟಕಿ ಪಕ್ಕ ಕೂತಿದ್ದು. ಬೆಳಗ್ಗೆ ಹೋಗಿ ಮಧ್ಯಾಹ್ನ ಆಯಿತು, ಮಧ್ಯಾಹ್ನ ಹೋಗಿ ಸಂಜೆ ಆಯಿತು, ಐದು ಗಂಟೆಗೆ ಮಳೆ ನಿಂತಾಗ ಊರಲ್ಲಿ ಅಂಗಡಿ, ಮ್ಯೂಸಿಯಂ ಎಲ್ಲ ಬಾಗಿಲು ಹಾಕಿದ್ದವು. ಅಲ್ಲಿ ಮಳೆ ನಿಲ್ಲಲಿ ಅಂತ ಕಾಯಬಾರದು. ತಿಂಡಿ ತಿಂದು ಹೊರಟುಬಿಡಬೇಕು.

ಮೇಷ್ಟ್ರಾಗಿದ್ದವರು ಅಂದಿರಲ್ಲ, ನಿಮಗೆ ಅಂತಲೇ ಒಂದು ಜಾಗ ಇದೆ, ಡರ್ವೆಂಟ್ ಪೆನ್ಸಿಲ್ ಮ್ಯೂಸಿಯಂ. ಕೆಸಿಕ್‌ನಿಂದ ದಕ್ಷಿಣಕ್ಕೆ ಬಾರೋಡೇಲ್ ಅನ್ನುವ ಕಣಿವೆ ಇದೆ. ಅಲ್ಲಿನ ಸೀತ್‌ವೇಟ್ ಹಳ್ಳಿಯ ಮೇಲಿನ ಗುಡ್ಡದಲ್ಲಿ 16ನೇ ಶತಮಾನದಲ್ಲಿ ಗ್ರಾಫೈಟ್, ಅಂದರೆ ಪೆನ್ಸಿಲ್ ಒಳಗಿನ ಕಪ್ಪು ಕಡ್ಡಿ ಮಾಡುವ ಖನಿಜ, ಸಿಕ್ಕಿತು. ಗಾಳಿಗೆ ಮರ ಬುಡಮೇಲಾಗಿ ಬೇರಿನ ಹತ್ತಿರ ಕಪ್ಪು ಕಲ್ಲು ಕಂಡಿತಂತೆ, ಕುರಿ ಕಾಯುವವರು ಅದರಿಂದ ಕುರಿಗಳ ಮೈಮೇಲೆ ಗುರುತು ಹಾಕಿಕೊಂಡರಂತೆ, ಇದು ಅಲ್ಲಿಯವರು ಹೇಳುವ ಕಥೆ. ಪುಡಿಯಲ್ಲ, ಗರಗಸದಲ್ಲಿ ಕೊಯ್ದು ಕಡ್ಡಿ ಮಾಡುವಷ್ಟು ಗಟ್ಟಿ, ಅಷ್ಟು ಶುದ್ಧ. ಫಿರಂಗಿ ಗುಂಡು ಎರಕ ಹೊಯ್ಯುವ ಅಚ್ಚಿಗೂ ಅದು ಬೇಕಾಗಿತ್ತು. ಹಾಗಾಗಿ ಬೆಲೆ ಎಷ್ಟು ಏರಿತು ಅಂದರೆ, ಅದನ್ನು ಕದಿಯುವುದನ್ನು ಘೋರ ಅಪರಾಧ ಅಂತ 1752ರಲ್ಲಿ ಪಾರ್ಲಿಮೆಂಟ್ ಕಾನೂನೇ ಮಾಡಿತು. ಆ ಕಪ್ಪು ಕಲ್ಲನ್ನು ಆಗಿನವರು ಒಂದು ಬಗೆಯ ಸೀಸ ಅಂದುಕೊಂಡಿದ್ದರು. ನಾವು ಸೀಸದಕಡ್ಡಿ ಅಂತೀವಲ್ಲ, ಅದರಲ್ಲಿ ಸೀಸ ಅನ್ನೋದು ಇಲ್ಲವೇ ಇಲ್ಲ! ಯೂರೋಪಿನವರ ಆ ಹಳೇ ತಪ್ಪು ತಿಳುವಳಿಕೆ ನಮ್ಮ ಕನ್ನಡದ ಪದದಲ್ಲೂ ಉಳಿದುಕೊಂಡಿದೆ. ನನಗೆ ಇದು ಗೊತ್ತಾದಾಗ ಮೈ ಜುಮ್ ಅಂದಿತ್ತು.

ಮ್ಯೂಸಿಯಂ ಒಳಗೆ ಹೋಗುವುದೇ ಗಣಿಯ ಹಾಗೆ ಮಾಡಿದ ಒಂದು ಸಣ್ಣ ಸುರಂಗದ ಮೂಲಕ. ಎಂಟು ಮೀಟರ್‌ಗೆ ಸ್ವಲ್ಪವೇ ಕಡಿಮೆ ಉದ್ದದ ಹಳದಿ ಬಣ್ಣದ ಪೆನ್ಸಿಲ್ ಇದೆ, ಫೋಟೊಗೆ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಆದರೆ ನೀವು ಜಾಸ್ತಿ ಹೊತ್ತು ನಿಲ್ಲಬೇಕಾದ್ದು ಎರಡನೇ ಮಹಾಯುದ್ಧದ ಪೆನ್ಸಿಲ್ ಮುಂದೆ. ಹೊರಗಿಂದ ನೋಡಿದರೆ ಸಾದಾ ಹಸಿರು ಪೆನ್ಸಿಲ್. ಒಳಗೆ ಟೊಳ್ಳು ಮಾಡಿ ಸುರುಳಿ ಸುತ್ತಿದ ನಕಾಶೆ ಇಟ್ಟು, ಹಿಂದಿನ ರಬ್ಬರ್ ಕೆಳಗೆ ಚಿಕ್ಕ ದಿಕ್ಸೂಚಿ ಅಡಗಿಸಿದ್ದರು. ವಿಮಾನ ಬಿದ್ದು ಶತ್ರು ನೆಲದಲ್ಲಿ ಸಿಕ್ಕಿಕೊಂಡ ಸೈನಿಕ ಅದನ್ನು ಮುರಿದು ದಾರಿ ಕಂಡುಕೊಳ್ಳಲಿ ಅಂತ. ಕೆಸಿಕ್‌ನ ಕಾರ್ಖಾನೆಯಲ್ಲಿ ಉಳಿದವರೆಲ್ಲ ಮನೆಗೆ ಹೋದಮೇಲೆ ನಾಲ್ಕಾರು ಜನ ಗುಟ್ಟಾಗಿ ಕೂತು ಮಾಡಿದ್ದು.

ಇನ್ನೊಂದು ಫಿಟ್ಜ್ ಪಾರ್ಕ್ ಪಕ್ಕದ ಕೆಸಿಕ್ ಮ್ಯೂಸಿಯಂ. ಅಲ್ಲಿ ಹಾಡುವ ಕಲ್ಲುಗಳಿವೆ. ಜೋಸೆಫ್ ರಿಚರ್ಡ್‌ಸನ್ ಅನ್ನುವ ಕಲ್ಲುಕುಟಿಗ ಸ್ಕಿಡ್ಡಾ ಬೆಟ್ಟದಿಂದ ಒಂದೊಂದೇ ಕಲ್ಲು ಹೊತ್ತು ತಂದು, ಕೆತ್ತಿ, ಶ್ರುತಿ ಕೂಡಿಸಿ, 13 ವರ್ಷ ಕಷ್ಟಪಟ್ಟು 1840ರಲ್ಲಿ ಮುಗಿಸಿದ ವಾದ್ಯ. ಅವನ ಮಕ್ಕಳು ಅದನ್ನು 1848ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ನುಡಿಸಿದರು. ನಮ್ಮಮ್ಮ ಬಂದಿದ್ದಾಗ ಅದರ ದನಿ ಕೇಳಿ ಒಂದು ಕ್ಷಣ ಸುಮ್ಮನಾದರು. ಕಲ್ಲಿನ ದನಿ ಅಂದರೆ ಟಕ್ ಅಂತ ಇರುತ್ತೆ ಅಂದುಕೊಂಡಿದ್ದರು. ಇದು ದೇವರಮನೆ ಗಂಟೆಯ ಹಾಗೆ ಎಳೆದುಕೊಂಡು ಹೋಗುತ್ತೆ. "ಹಂಪೆಯ ವಿಠ್ಠಲ ದೇವಸ್ಥಾನದ ಕಂಬ ಹೀಗೇ ಅಲ್ವಾ" ಅಂದರು. ಹೌದು, ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲೂ ಬಡಿದರೆ ಗಂಟೆಯಂತೆ ಕೇಳುವ ಬಂಡೆಗಳಿವೆ, ನವಶಿಲಾಯುಗದ ಜನ ಬಡಿದ ಗುರುತು ಅವುಗಳ ಮೇಲಿದೆ. ಕೆಸಿಕ್‌ನಲ್ಲಿ ಯಾವ ಕಲ್ಲು ನುಡಿಸೋಕೆ ಬಿಡುತ್ತಾರೆ ಅಂತ ಕೌಂಟರ್‌ನಲ್ಲಿ ಕೇಳಿ, ಸುಮ್ನೆ ಕೈ ಹಾಕಬೇಡಿ.

ಮೂರನೇ ದಿನಕ್ಕೆ ಡರ್ವೆಂಟ್‌ವಾಟರ್ ಕೆರೆಯ ಲಾಂಚ್. ಒಂದು ಸುತ್ತು ಹಾಕೋಕೆ ಸುಮಾರು 50 ನಿಮಿಷ. ಒಳಗೆ ಕೂತು ಗಾಜಿನಿಂದ ನೋಡಬಹುದು, ಮಂಡಿಗೆ ಯಾವ ತೊಂದರೆಯೂ ಇಲ್ಲ. ಮೋಡ ಗುಡ್ಡದ ಅರ್ಧಕ್ಕೆ ಇಳಿದಿರುತ್ತೆ. ಬಿಸಿಲಿಗಿಂತ ನನಗೆ ಅದೇ ಇಷ್ಟ.

ಪ್ರಶ್ನೆ: ಇಂಗ್ಲೆಂಡ್‌ನ ಅತಿ ಹೆಚ್ಚು ಮಳೆ ಬೀಳುವ ಊರು ಅಲ್ಲೇ ಇದೆ ಅಂತ ಓದಿದೆ. ನಮ್ಮ ಆಗುಂಬೆ ಮುಂದೆ ಅದೆಷ್ಟು? (ತೀರ್ಥಹಳ್ಳಿ)

ನಾನು ಮೇಲೆ ಹೇಳಿದ ಸೀತ್‌ವೇಟ್ ಹಳ್ಳಿಯೇ ಅದು. ಜನ ವಾಸ ಇರುವ ಜಾಗಗಳಲ್ಲಿ ಇಂಗ್ಲೆಂಡ್‌ಗೇ ಮೊದಲು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಅಂದರೆ ಆಗುಂಬೆಯ ಅರ್ಧದಷ್ಟು. ಕಾರಣ ಮಾತ್ರ ಒಂದೇ. ಸಮುದ್ರದಿಂದ ಬರುವ ಪಡುವಣ ಗಾಳಿ ಗುಡ್ಡಕ್ಕೆ ಬಡಿದು ಮೇಲೇರುತ್ತೆ, ತಣ್ಣಗಾಗಿ ಸುರಿಯುತ್ತೆ. ನಿಮ್ಮಲ್ಲಿ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುವುದನ್ನು ಇಲ್ಲಿ ಹನ್ನೆರಡು ತಿಂಗಳೂ ಜಿನುಗಿಸುತ್ತೆ, ಚಳಿಗಾಲದಲ್ಲಿ ಜಾಸ್ತಿ. ಜಿಟಿಜಿಟಿ ಮಳೆಯೇ ಹೆಚ್ಚು. ಹಾಗಂತ ಹಗುರವಾಗಿ ತಗೊಳ್ಳಬೇಡಿ. ಪಕ್ಕದ ಹಾನಿಸ್ಟರ್ ಕಣಿವೆದಾರಿಯಲ್ಲಿ 2015ರ ಡಿಸೆಂಬರ್‌ನಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಬಿತ್ತು. ಆ ದಿನ ಗ್ರೇಟಾ ಹೊಳೆ ಉಕ್ಕಿ ಕೆಸಿಕ್ ಮುಳುಗಿತು. ಪೆನ್ಸಿಲ್ ಮ್ಯೂಸಿಯಂಗೂ ನೀರು ನುಗ್ಗಿ, ಮತ್ತೆ ಬಾಗಿಲು ತೆರೆದದ್ದು 2017ರಲ್ಲಿ. ಪ್ರವಾಹದ ಎಚ್ಚರಿಕೆ ಇದ್ದ ದಿನ ಮಾತ್ರ ರೂಮಲ್ಲೇ ಇರಿ.

ಪ್ರಶ್ನೆ: ಐದು ಮತ್ತು ಒಂಬತ್ತು ವರ್ಷದ ಮಕ್ಕಳನ್ನು ಮಳೆಯಲ್ಲಿ ಇಡೀ ದಿನ ಹೇಗೆ ಸಂಭಾಳಿಸೋದು? ಪೆನ್ಸಿಲ್ ನೋಡೋಕೆ ಒಂದು ಗಂಟೆ ಸಾಕಲ್ವಾ? (ಲೀಡ್ಸ್)

ಒಂದು ಗಂಟೆ ಅಂದುಕೊಂಡು ಹೋಗಿ, ಬಣ್ಣ ಹಚ್ಚೋಕೆ ಕೂತರೆ ಎರಡಾಗುತ್ತೆ. ಆಮೇಲೆ ಹಾನಿಸ್ಟರ್ ಸ್ಲೇಟ್ ಗಣಿಗೆ ಕರೆದುಕೊಂಡು ಹೋಗಿ. ತಲೆಗೆ ಹೆಲ್ಮೆಟ್ ಹಾಕಿ, ಗೈಡ್ ಜೊತೆ ಬೆಟ್ಟದ ಹೊಟ್ಟೆಯೊಳಗೆ ನಡೆಸಿಕೊಂಡು ಹೋಗುತ್ತಾರೆ. ಹೊರಗೆ ಮಳೆಯೋ ಬಿಸಿಲೋ ಒಳಗೆ ಗೊತ್ತೇ ಆಗಲ್ಲ, ಚಳಿ ಮಾತ್ರ ಇರುತ್ತೆ, ಸ್ವೆಟರ್ ಬೇಕು. ಮೊದಲೇ ಬುಕ್ ಮಾಡಿ, ಚಿಕ್ಕವರನ್ನು ಒಳಗೆ ಬಿಡುತ್ತಾರಾ ಅಂತಲೂ ಆಗಲೇ ಕೇಳಿಕೊಳ್ಳಿ. ಇಲ್ಲಿನ ಹಸಿರು ಸ್ಲೇಟು ಹೋಗುವುದು ಮನೆಗಳ ಚಾವಣಿಗೆ. ಬಳಪ ಹಿಡಿದು ಅ ಆ ತಿದ್ದಿದ ಸ್ಲೇಟಿನ ಕಥೆ ನಿಮ್ಮ ಮಕ್ಕಳಿಗೆ ಹೇಳೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಸೀಸದಕಡ್ಡಿ, ಸ್ಲೇಟು ಎರಡೂ ಒಂದೇ ಕಣಿವೆಯ ಆಸುಪಾಸಿನಲ್ಲಿ!

ಸಂಜೆಗೆ ಸೇಂಟ್ ಜಾನ್ಸ್ ಸ್ಟ್ರೀಟ್‌ನಲ್ಲಿ ಅಲ್ಹಾಂಬ್ರ ಅನ್ನುವ ಟಾಕೀಸ್ ಇದೆ, 1914ರಲ್ಲಿ ಶುರುವಾಗಿದ್ದು. ಮಾಲ್‌ನ ಪರದೆ ನೋಡಿ ಬೆಳೆದ ಮಕ್ಕಳಿಗೆ ಒಂದು ಪುಟ್ಟ ಊರಿನ ಟಾಕೀಸ್ ಹೇಗಿರುತ್ತೆ ಅಂತ ತೋರಿಸಿ. ನನಗಂತೂ ಅಲ್ಲಿಗೆ ಹೋದಾಗಲೆಲ್ಲ ನಮ್ಮೂರಿನ ಬಾಗಿಲು ಹಾಕಿದ ಟಾಕೀಸ್ ನೆನಪಾಗಿ ಹೊಟ್ಟೆಯೊಳಗೆ ಸಂಕಟ ಆಗುತ್ತೆ.

ಪ್ರಶ್ನೆ: ನಾವು ಪಕ್ಕಾ ಸಸ್ಯಾಹಾರಿಗಳು. ಮಳೆ ಚಳಿಗೆ ಬಿಸಿಬಿಸಿ ಏನು ಸಿಗುತ್ತೆ? ಚಿಪ್ಸ್ ತಿಂದರೆ ಆಯಿತಲ್ಲ? (ದಾವಣಗೆರೆ)

ಅಲ್ಲೇ ಎಚ್ಚರ ಬೇಕು. ಉತ್ತರ ಇಂಗ್ಲೆಂಡ್‌ನ ಎಷ್ಟೋ ಫಿಶ್ ಅಂಡ್ ಚಿಪ್ಸ್ (ಕರಿದ ಮೀನು, ಕರಿದ ಆಲೂಗಡ್ಡೆ ತುಂಡು) ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಅಲ್ಲಿಯವರಿಗೆ ಅದು ಹಳೇ ಪದ್ಧತಿ, ಮುಚ್ಚಿಡುವುದಿಲ್ಲ, ಆದರೆ ನಾವು ಕೇಳದೆ ಅವರು ಹೇಳುವುದೂ ಇಲ್ಲ. ನನಗೆ ಇದು ಗೊತ್ತಾಗಿದ್ದು ಎರಡು ವರ್ಷ ತಿಂದಮೇಲೆ. ಆ ದಿನ ಬಹಳ ಬೇಜಾರಾಗಿತ್ತು, ನಿಮಗೆ ಹಾಗೆ ಆಗಬಾರದು. "ಯಾವ ಎಣ್ಣೆಯಲ್ಲಿ ಕರಿದಿದ್ದು" ಅಂತ ಕೇಳಿ, ವೆಜಿಟಬಲ್ ಆಯಿಲ್ ಅಂದರೆ ಮೀನಿಗೂ ಅದೇ ಬಾಣಲೆನಾ ಅಂತ ಮತ್ತೆ ಕೇಳಿ. ಬೇಜಾರಿಲ್ಲದೆ ಹೇಳುತ್ತಾರೆ. ಕೆಫೆಗಳಲ್ಲಿ ಜಾಕೆಟ್ ಪೊಟೇಟೊ ಸಿಗುತ್ತೆ. ಇಡೀ ಆಲೂಗಡ್ಡೆ ಸಿಪ್ಪೆ ಸಮೇತ ಬೇಯಿಸಿ, ಸೀಳಿ, ಬೆಣ್ಣೆ ಚೀಸ್ ಬೀನ್ಸ್ ಹಾಕಿ ಕೊಡುತ್ತಾರೆ, ಹೊಟ್ಟೆ ತುಂಬುತ್ತೆ. ಸೂಪ್ ತಗೊಂಡರೆ ಮಾಂಸದ ಸ್ಟಾಕ್ ಹಾಕಿದ್ದಾರಾ ಅಂತ ಕೇಳಿ. ಚಟ್ನಿಪುಡಿ ಡಬ್ಬಿ ಬ್ಯಾಗಲ್ಲಿ ಇರಲಿ, ಆಲೂಗಡ್ಡೆ ಮೇಲೆ ಉದುರಿಸಿಕೊಂಡು ತಿನ್ನಿ. ಸ್ಕೋನ್ (ಪುಟ್ಟ ಬನ್ನಿನಂಥ ತಿಂಡಿ), ಜಾಮ್, ಟೀ ಬಗ್ಗೆ ಹೇಳೋದೇ ಬೇಡ, ಮೊಟ್ಟೆ ತಿನ್ನದವರು ಮಾತ್ರ ವಿಚಾರಿಸಿಕೊಳ್ಳಿ.

ಪ್ರಶ್ನೆ: ಲ್ಯಾಂಕಾಸ್ಟರ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಕೈಯಲ್ಲಿ ದುಡ್ಡಿಲ್ಲ, ಒಂದು ಭಾನುವಾರ ಹೋಗಿ ಬರಬಹುದಾ?

ಭಾನುವಾರ ಬೇಡ, ಶನಿವಾರ ಹೋಗಿ. ಸಂತೆ ಇರುವುದು ಗುರುವಾರ ಮತ್ತು ಶನಿವಾರ, 1276ರಲ್ಲಿ ಅಪ್ಪಣೆ ಸಿಕ್ಕಿದ ಸಂತೆ. ಮಳೆಗೆ ಯಾರೂ ಅಂಗಡಿ ಎತ್ತುವುದಿಲ್ಲ. ನಿಮ್ಮೂರಿನಿಂದ 555 ನಂಬರಿನ ಬಸ್ ಬರುತ್ತೆ. ಕೆಸಿಕ್‌ಗೆ ರೈಲು 1972ರಲ್ಲೇ ನಿಂತುಹೋಯಿತು, ಆ ಹಳೇ ಹಳಿಯ ದಾರಿ ಈಗ ಥ್ರೆಲ್ಕೆಲ್ಡ್ ಹಳ್ಳಿವರೆಗೆ ನಡೆಯುವ ಹಾದಿ. ಮರದ ನೆರಳು, ಸಮತಟ್ಟು, ಹೊಳೆ ಜೊತೆಗೇ ಬರುತ್ತೆ. ಪೇಟೆಯ ನಡುವಿನ ಮೂಟ್ ಹಾಲ್ ನೋಡಿ, 1813ರದ್ದು, ಅದರ ಗಡಿಯಾರಕ್ಕೆ ಒಂದೇ ಮುಳ್ಳು. ಕೆಳಗಿನ ಮಾಹಿತಿ ಕೇಂದ್ರದಲ್ಲಿ ಆ ದಿನದ ಹವಾಮಾನ ಕೇಳಿಕೊಳ್ಳಿ. ಕ್ರಾಸ್‌ತ್‌ವೇಟ್ ಚರ್ಚಿನಲ್ಲಿ ಕವಿ ರಾಬರ್ಟ್ ಸದಿಯ ಮಲಗಿದ ಅಮೃತಶಿಲೆಯ ಮೂರ್ತಿ ಇದೆ. ಈ ಊರಿನಲ್ಲಿ 40 ವರ್ಷ ಬಾಳಿದವನು. ಭಾರತಕ್ಕೆ ಒಂದು ದಿನವೂ ಬರದೆ, ಇದೇ ಮಳೆಯ ಊರಲ್ಲಿ ಕೂತು ಹಿಂದೂ ಪುರಾಣಗಳನ್ನು ಹಿಡಿದು ಒಂದು ದೊಡ್ಡ ಕಾವ್ಯ ಬರೆದ, 1810ರಲ್ಲಿ ಅಚ್ಚಾಯಿತು.

ಪ್ರಶ್ನೆ: ಅಲ್ಲಿ ನಾಟಕ ನೋಡಬಹುದಾ? (ಮೈಸೂರು)

ನೋಡಲೇಬೇಕು. ಕೆರೆ ದಡದಲ್ಲೇ ಥಿಯೇಟರ್ ಬೈ ದ ಲೇಕ್ ಇದೆ, 1999ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಅಲ್ಲಿ ಇದ್ದದ್ದು ನೀಲಿ ಬಣ್ಣದ ಗಾಡಿಗಳನ್ನು ಜೋಡಿಸಿ ಮಾಡಿದ ರಂಗಮಂದಿರ. 1952ರಿಂದ ಊರೂರು ಸುತ್ತಿ, ಕ್ಯಾಂಪ್ ಹಾಕಿ ನಾಟಕ ಆಡಿ, ಕೊನೆಗೆ ಕೆಸಿಕ್‌ನಲ್ಲಿ ನೆಲೆ ನಿಂತು 1996ರವರೆಗೆ ನಡೆಯಿತು. ಕಂಪನಿ ನಾಟಕ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಮಳೆಗಾಲದ ಸಂಜೆ ಟಿಕೆಟ್ ಬೇಗ ಮುಗಿಯುತ್ತೆ, ಮೊದಲೇ ತಗೊಳ್ಳಿ.

ಪ್ರಶ್ನೆ: ಒಳಗೆ ಕೂರೋದು ನನಗಾಗಲ್ಲ. ಮಳೆಯಲ್ಲೇ ನೋಡುವಂಥದ್ದು ಏನಿದೆ? ಛತ್ರಿ ಸಾಕಾ? (ಶಿರಸಿ)

ಲೊಡೋರ್ ಜಲಪಾತ. ಕೆಸಿಕ್‌ನಿಂದ ಸುಮಾರು ಐದು ಕಿಲೋಮೀಟರ್, ಬಾರೋಡೇಲ್ ಕಡೆ ಹೋಗುವ 78 ನಂಬರಿನ ಬಸ್ ಹತ್ತಿರದಲ್ಲೇ ನಿಲ್ಲುತ್ತೆ, ಲಾಂಚ್ ಕೂಡ ಆ ದಡಕ್ಕೆ ಬರುತ್ತೆ. ಒಣ ದಿನದಲ್ಲಿ ಹೋದರೆ ಬಂಡೆ ನಡುವೆ ಒಂದೆಳೆ ನೀರು, ಇದನ್ನು ನೋಡೋಕೆ ಬಂದ್ವಾ ಅನಿಸುತ್ತೆ. ರಾತ್ರಿಯಿಡೀ ಸುರಿದ ಮಾರನೇ ಬೆಳಗ್ಗೆ ಹೋಗಿ. ರಸ್ತೆಯಲ್ಲಿ ಇಳಿಯುವಾಗಲೇ ಭೋರ್ ಅಂತ ಕೇಳುತ್ತೆ. ಉಂಚಳ್ಳಿ ಮಾಗೋಡು ನೋಡಿದ ಕಣ್ಣಿಗೆ ಎತ್ತರ ಏನೂ ಅಲ್ಲ, ಆದರೆ ನೀರು ಒಂದೇ ಸಲ ಬೀಳದೆ ಬಂಡೆಯಿಂದ ಬಂಡೆಗೆ ಬಡಿದುಕೊಂಡು ಬರುವ ರೀತಿ ನೋಡಬೇಕು. ಛತ್ರಿ ಪೇಟೆಯೊಳಗೆ ಸರಿ, ಕೆರೆ ಕಡೆ ಗಾಳಿಗೆ ಮಗುಚಿಕೊಳ್ಳುತ್ತೆ. ಟೋಪಿ ಇರುವ ಒಳ್ಳೇ ರೇನ್‌ಕೋಟ್, ಜಾರದ ಬೂಟು, ಬ್ಯಾಗಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎರಡು ಜೊತೆ ಒಣ ಕಾಲುಚೀಲ. ಜಲಪಾತದ ಕೆಳಗಿನ ಕಲ್ಲುಗಳಿಗೆ ಪಾಚಿ ಹಿಡಿದಿರುತ್ತೆ, ಶಿರಸಿಯವರಾದರೂ ನೋಡಿ ಕಾಲಿಡಿ. ವಾಪಸ್ ಹೋಗುವ ಬಸ್ಸಿನ ಟೈಮ್ ಇಳಿಯುವಾಗಲೇ ಫೋಟೊ ತೆಗೆದುಕೊಂಡಿರಿ, ಗುಡ್ಡದ ಸಂದಿಯಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ.